ಎಕ್ಸ್‌ಚೇಂಜ್‌ನಿಂದ ಹಾರ್ಡ್‌ವೇರ್ ವಾಲೆಟ್‌ಗೆ: 24 ಪದ ಬರೆದು ಎಲ್ಲಿಡೋದು?

ವಿಜಯನಗರ_ವಾಸಿ

ಎಲ್ರಿಗೂ ನಮಸ್ಕಾರ. ಹೆಚ್ಚುಕಮ್ಮಿ ₹6 ಲಕ್ಷದ ಕಾಯಿನ್ ಒಂದು ಇಂಡಿಯನ್ ಎಕ್ಸ್‌ಚೇಂಜ್ ಆ್ಯಪ್‌ನಲ್ಲೇ ಕೂತಿದೆ. ಮುಕ್ಕಾಲು ಪಾಲು ಬಿಟ್‌ಕಾಯಿನ್, ಮಿಕ್ಕಿದ್ದು ಈಥರ್, ಚೂರುಪಾರು ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕಾಯಿನ್). ಐದಾರು ವರ್ಷ ಮಾರೋ ಯೋಚನೆ ಇಲ್ಲ. 2024ರ ಜುಲೈನಲ್ಲಿ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್, 2025ರ ಫೆಬ್ರುವರಿಯಲ್ಲಿ ಬೈಬಿಟ್‌ನಿಂದ ಸುಮಾರು 150 ಕೋಟಿ ಡಾಲರ್ ಹ್ಯಾಕ್ ಆಗಿ ಹೋಯ್ತಲ್ಲ, ಎರಡೂ ಎಕ್ಸ್‌ಚೇಂಜ್‌ಗಳೇ, ಇನ್ನು ಆ್ಯಪ್ ಮೇಲೆ ಭಾರ ಹಾಕಿ ಕೂರೋದು ಬೇಡ ಅನ್ನಿಸಿದೆ. ಆಫ್‌ಲೈನ್‌ಗೆ ತರಬೇಕು. ಕೇಳಬೇಕಾಗಿರೋದು ಇಷ್ಟು:

1. ಮನೇಲಿ ಹಳೇ ಲ್ಯಾಪ್‌ಟಾಪ್ ಇದೆ. ನೆಟ್ ಕಿತ್ತು ಎಲೆಕ್ಟ್ರಮ್ ಅನ್ನೋ ವಾಲೆಟ್ ಸಾಫ್ಟ್‌ವೇರ್ ಹಾಕಿ ಬೀರುವಿನಲ್ಲಿ ಇಟ್ರೆ ಸಾಲದಾ? ಕೀಲಿಯನ್ನ ಒಳಗೇ ಇಟ್ಕೊಳ್ಳೋ ಪುಟ್ಟ ಡಿವೈಸ್ ಇದ್ಯಲ್ಲ, ಆ ಹಾರ್ಡ್‌ವೇರ್ ವಾಲೆಟ್ಟೇ ಬೇಕಾ?
2. ಓಎಲ್‌ಎಕ್ಸ್‌ನಲ್ಲಿ ಸೀಲ್ ಒಡೆಯದ ಪೀಸ್ ಕಡಿಮೆಗೆ ಸಿಕ್ತಿದೆ. ತಗೋಬಹುದಾ?
3. ವಾಲೆಟ್ ತೆರೆಯೋ ಕೀಲಿಯಾದ 24 ಪದ (ಸೀಡ್) ಪೇಪರ್ ಮೇಲೆ ಬರೆದು ಬ್ಯಾಂಕ್ ಲಾಕರ್‌ನಲ್ಲಿ ಇಟ್ರೆ ಆಯ್ತಾ? ನಮ್ಮದು ಗ್ರೌಂಡ್ ಫ್ಲೋರ್, ಜೋರು ಮಳೆ ಬಂದ್ರೆ ನೀರು ಒಳಗೇ ಬರುತ್ತೆ.
4. ಆ್ಯಪ್‌ನಿಂದ ನನ್ನದೇ ವಾಲೆಟ್‌ಗೆ ಕಳಿಸಿದ್ರೆ ಟ್ಯಾಕ್ಸ್ ಬೀಳುತ್ತಾ?
5. ನನಗೇನಾದ್ರೂ ಆದ್ರೆ ಮನೆಯವರು ಇದನ್ನ ತೆಗೀಬೇಕು. ಅವರಿಗೆ ಕನ್ನಡ ಓದಿ ಬರೆಯೋದು ಸಲೀಸು, ಇಂಗ್ಲಿಷ್ ಅಷ್ಟಕ್ಕಷ್ಟೆ. ಪದಗಳನ್ನ ಕನ್ನಡದಲ್ಲೇ ಬರೆದಿಟ್ರೆ ತೊಂದರೆ ಏನು?

---

ಬನಶಂಕರಿ_ಕೋಲ್ಡ್‌ಕೀ

ಐದನೇದರಿಂದ ಶುರು ಮಾಡ್ತೀನಿ, ಯಾಕಂದ್ರೆ ಜನ ಇದನ್ನ ಕೇಳೋದೇ ಇಲ್ಲ. ಕನ್ನಡ ಲಿಪಿಯಲ್ಲಿ ಬರೀಬೇಡಿ. ಈ ಪದಗಳು ಬಿಐಪಿ39 ಅನ್ನೋ 2048 ಇಂಗ್ಲಿಷ್ ಪದಗಳ ಪಟ್ಟಿಯಿಂದ ಬರ್ತವೆ. ಆ ಪಟ್ಟಿ ಹೇಗೆ ಕಟ್ಟಿದ್ದಾರೆ ಅಂದ್ರೆ ಮೊದಲ ನಾಲ್ಕು ಅಕ್ಷರ ನೋಡಿದ್ರೆ ಯಾವ ಪದ ಅಂತ ಗೊತ್ತಾಗಬೇಕು. ಕನ್ನಡಕ್ಕೆ ತಂದ ಕೂಡಲೇ ಆ ಅನುಕೂಲ ಹೋಯ್ತು. ನೀವು 'ರೈಟ್' ಅಂತ ಬರೆದಿಡ್ತೀರಿ. ಆರ್‌ನಿಂದ ಶುರುವಾಗೋ ರೈಟಾ, ಡಬ್ಲ್ಯುನಿಂದ ಶುರುವಾಗೋ ರೈಟಾ? ಎರಡೂ ಪಟ್ಟಿಯಲ್ಲಿವೆ. ಇಂಗ್ಲಿಷ್‌ನ ದೊಡ್ಡಕ್ಷರದಲ್ಲಿ, ಒಂದೊಂದು ಅಕ್ಷರ ಬಿಡಿಬಿಡಿಯಾಗಿ, ಪಕ್ಕದಲ್ಲಿ 1ರಿಂದ 24ರ ನಂಬರ್ ಹಾಕಿ ಬರೀರಿ. ಹೇಗೆ ಬಳಸಬೇಕು ಅನ್ನೋ ಸೂಚನೆ ಮಾತ್ರ ಬೇರೆ ಹಾಳೆಯಲ್ಲಿ ಕನ್ನಡದಲ್ಲಿರಲಿ.

ಲ್ಯಾಪ್‌ಟಾಪ್ ವಿಚಾರ. ಆಗೋದೇನೋ ಆಗುತ್ತೆ, ನಿಮಗೆ ಬೇಡ. ಸರಿಯಾಗಿ ಮಾಡಬೇಕು ಅಂದ್ರೆ ವೈಫೈ ಆಫ್ ಮಾಡಿದ್ರೆ ಸಾಲದು, ಹಿಂದಿನ ಮುಚ್ಚಳ ಬಿಚ್ಚಿ ಕಾರ್ಡನ್ನೇ ಕೀಳಬೇಕು. ಟೇಲ್ಸ್‌ನಂಥ ಓಎಸ್ ಅನ್ನ ಪೆನ್‌ಡ್ರೈವ್‌ನಿಂದ ಬೂಟ್ ಮಾಡಬೇಕು, ಡೌನ್‌ಲೋಡ್ ಮಾಡಿದ ಫೈಲ್‌ನ ಜಿಪಿಜಿ ಸಹಿ (ಫೈಲ್ ಅಸಲಿ ಅನ್ನೋದಕ್ಕೆ ಡಿಜಿಟಲ್ ಗುರುತು) ತಾಳೆ ನೋಡಬೇಕು, ಕಳಿಸಬೇಕಾದಾಗೆಲ್ಲ ಸಹಿ ಆಗದ ಟ್ರಾನ್ಸಾಕ್ಷನ್ ಫೈಲನ್ನ ಆ ಕಡೆ ಒಯ್ದು ಸಹಿ ಆದದ್ದನ್ನ ಈ ಕಡೆ ತರಬೇಕು. ಇದೆಲ್ಲ ಮಾಡಿದ ಮೇಲೂ ಒಂದು ತೊಡಕಿದೆ: ಎಲೆಕ್ಟ್ರಮ್ ತಾನಾಗಿ ಕೊಡೋ 12 ಪದ ಬಿಐಪಿ39 ಪದ್ಧತಿಯದ್ದಲ್ಲ, ಅದರದ್ದೇ ಬೇರೆ. ನಾಳೆ ಲೆಡ್ಜರ್, ಟ್ರೆಜರ್ ಥರದ ಹಾರ್ಡ್‌ವೇರ್ ವಾಲೆಟ್‌ಗೆ ಅದನ್ನ ಹಾಕಿದ್ರೆ ಕೆಲಸ ಮಾಡಲ್ಲ. ಈಥರ್, ಯುಎಸ್‌ಡಿಟಿ ಎರಡನ್ನೂ ಎಲೆಕ್ಟ್ರಮ್ ಮುಟ್ಟಲ್ಲ.

ಹಾರ್ಡ್‌ವೇರ್ ವಾಲೆಟ್‌ನಿಂದ ಆಗೋ ಲಾಭ ಮುಖ್ಯವಾಗಿ ಎರಡು. ಪದ ಹುಟ್ಟೋದು ಅದರೊಳಗೆ, ಕಂಪ್ಯೂಟರ್‌ಗೆ ಬರೋದೇ ಇಲ್ಲ. ಮತ್ತೆ, ಯಾರಿಗೆ ಎಷ್ಟು ಹೋಗ್ತಿದೆ ಅಂತ ಅದರ ಸ್ವಂತ ಸ್ಕ್ರೀನ್‌ನಲ್ಲಿ ತೋರಿಸಿ, ನೀವು ಬಟನ್ ಒತ್ತಿದ ಮೇಲಷ್ಟೇ ಸಹಿ ಹಾಕುತ್ತೆ. ಕಂಪ್ಯೂಟರ್‌ನಲ್ಲಿ ವೈರಸ್ ಇದ್ರೂ ಸ್ಕ್ರೀನ್ ಓದೋ ಅಭ್ಯಾಸ ಇದ್ರೆ ಬಚಾವ್. ಓದದೇ ಒತ್ತಿದ್ರೆ ಯಾವ ಡಿವೈಸೂ ಕಾಯಲ್ಲ. ಬೈಬಿಟ್‌ನಲ್ಲಿ ಆಗಿದ್ದೂ ಇದೇ: ಸಹಿ ಹಾಕಿದವರ ಕಂಪ್ಯೂಟರ್ ಪರದೆಯಲ್ಲಿ ಕಂಡದ್ದು ಒಂದು, ಅವರು ನಿಜವಾಗಿ ಸಹಿ ಹಾಕಿದ್ದು ಇನ್ನೊಂದು.

ಓಎಲ್‌ಎಕ್ಸ್ ಪೀಸ್ ಬೇಡವೇ ಬೇಡ. ಸೀಲ್, ಹೋಲೋಗ್ರಾಮ್ ನೋಡಿ ನಂಬೋದಕ್ಕಿಲ್ಲ, ಅವನ್ನೂ ಅಚ್ಚು ಹಾಕ್ತಾರೆ. 2023ರಲ್ಲಿ ಸೈಬರ್ ಭದ್ರತಾ ಕಂಪನಿ ಕ್ಯಾಸ್ಪರ್‌ಸ್ಕಿಯವರು ನಕಲಿ ಟ್ರೆಜರ್ ಒಂದನ್ನ ಬಿಚ್ಚಿ ತೋರಿಸಿದ್ರು. ಹೊರಗೆ ಎಲ್ಲ ಸರಿ, ಒಳಗಿನ ಚಿಪ್ಪೂ ಫರ್ಮ್‌ವೇರೂ (ಡಿವೈಸ್ ನಡೆಸೋ ಸಾಫ್ಟ್‌ವೇರ್) ಬೇರೆ, ಸೀಡ್ ಮೊದಲೇ ಕಳ್ಳರಿಗೆ ಗೊತ್ತಿದ್ದದ್ದು. ತಯಾರಕರ ಸೈಟ್‌ನಿಂದ ನೇರ ತರಿಸಿ (ಕಸ್ಟಮ್ಸ್ ಸುಂಕ ಬೀಳುತ್ತೆ, ಲೆಕ್ಕ ಹಾಕಿಕೊಳ್ಳಿ), ಇಲ್ಲಾಂದ್ರೆ ಅದೇ ಸೈಟ್‌ನಲ್ಲಿ ಭಾರತದ ಅಧಿಕೃತ ಮಾರಾಟಗಾರರ ಪಟ್ಟಿ ನೋಡಿ ಅಲ್ಲಿಂದ ತಗೊಳ್ಳಿ. ಅಮೆಜಾನ್ ಆದ್ರೆ ಮಾರೋರ ಹೆಸರು ಆ ಪಟ್ಟಿಯಲ್ಲಿದೆಯಾ ನೋಡಿ. ಡೆಲಿವರಿಗೆ ಮನೆ ವಿಳಾಸ ಬೇಡ, ಆಫೀಸ್ ವಿಳಾಸ ಕೊಡಿ. 2020ರಲ್ಲಿ ಲೆಡ್ಜರ್ ಗ್ರಾಹಕರ ವಿಳಾಸ, ಫೋನ್ ನಂಬರ್ ಸೋರಿಹೋಗಿ, ಆಮೇಲೆ ಕೆಲವರ ಮನೆಗೆ 'ನಿಮ್ಮ ಡಿವೈಸ್ ಬದಲಾಯಿಸಿಕೊಳ್ಳಿ' ಅಂತ ನಕಲಿ ಡಿವೈಸ್‌ಗಳೇ ಅಂಚೆಯಲ್ಲಿ ಬಂದವು.

ಯಾವ ಮಾಡೆಲ್ ಅಂತ ನಾನು ಒತ್ತಾಯ ಮಾಡಲ್ಲ. ನಿಮ್ಮ ಯುಎಸ್‌ಡಿಟಿ ಟ್ರಾನ್ ನೆಟ್‌ವರ್ಕ್‌ನಲ್ಲಿದ್ರೆ ಅದು ಎಲ್ಲ ಡಿವೈಸ್‌ನಲ್ಲೂ ನಡೆಯಲ್ಲ, ಕಾಯಿನ್ ಪಟ್ಟಿ ನೋಡಿ ತಗೊಳ್ಳಿ. ವರ್ಷಗಟ್ಟಲೆ ಮೂಲೇಲಿ ಬಿದ್ದಿರೋ ವಸ್ತುವಿಗೆ ಬ್ಯಾಟರಿ ಇಲ್ಲದ ಮಾಡೆಲ್ಲೇ ವಾಸಿ.

ಇನ್ನು ಸೆಟಪ್. ಅವಸರ ಬೇಡ, ಒಂದು ಭಾನುವಾರ ಪೂರ್ತಿ ಇಟ್ಕೊಳ್ಳಿ.

ಡಿವೈಸ್ ಕಂಪನಿಯ ಆ್ಯಪ್ ಡೌನ್‌ಲೋಡ್‌ಗೆ ಸೈಟ್ ವಿಳಾಸ ಕೈಯಲ್ಲೇ ಟೈಪ್ ಮಾಡಿ. ಸರ್ಚ್ ಮಾಡಿದ್ರೆ ಮೇಲೆ ಬರೋದು ಜಾಹೀರಾತು, ಅದರಲ್ಲಿ ನಕಲಿ ಇರೋದು ಸರ್ವೇಸಾಮಾನ್ಯ. 2023ರಲ್ಲಿ ಮೈಕ್ರೋಸಾಫ್ಟ್ ಸ್ಟೋರ್ ಒಳಗೇ ಲೆಡ್ಜರ್ ಹೆಸರಿನ ನಕಲಿ ಆ್ಯಪ್ ಕೂತಿತ್ತು. ಡಿವೈಸ್ ಅಸಲಿಯಾ ಅನ್ನೋ ಪರೀಕ್ಷೆ ಆ್ಯಪ್‌ನಲ್ಲೇ ಇರುತ್ತೆ, ಮಾಡಿಸಿ. ಫರ್ಮ್‌ವೇರ್ ಅಪ್‌ಡೇಟ್ ಈಗಲೇ ಮುಗಿಸಿ, ಕಾಯಿನ್ ಬಂದ ಮೇಲಲ್ಲ. ಆಮೇಲೆ 'ಹೊಸ ವಾಲೆಟ್' ಆರಿಸಿ, ಪಿನ್ ಇಡಿ, ಸ್ಕ್ರೀನ್‌ನಲ್ಲಿ ಒಂದೊಂದಾಗಿ ಬರೋ ಪದ ಬರ್ಕೊಳ್ಳಿ. ಡಬ್ಬಿಯಲ್ಲಿ ಬಂದ ಕಾರ್ಡ್‌ನಲ್ಲಿ ಪದ ಮೊದಲೇ ಅಚ್ಚಾಗಿದ್ರೆ ಅಲ್ಲಿಗೇ ನಿಲ್ಲಿಸಿ, ಅದು ಮೋಸ. ಬರೆಯುವಾಗ ಫೋನ್ ಆ ರೂಮ್‌ನಲ್ಲೇ ಬೇಡ, ಸಿಸಿಟಿವಿ ಕೆಳಗೆ ಕೂರಬೇಡಿ, ಓದಿ ಹೇಳಬೇಡಿ. ಫೋಟೋ ಇಲ್ಲ, ವಾಟ್ಸಾಪ್ ಇಲ್ಲ, ಡ್ರೈವ್ ಇಲ್ಲ, ಜೆರಾಕ್ಸ್ ಅಂತೂ ಇಲ್ಲವೇ ಇಲ್ಲ. ಫೋನ್‌ನಲ್ಲಿ ತೆಗೆದ ಫೋಟೋ ಕ್ಲೌಡ್‌ಗೆ ತಾನಾಗೇ ಏರುತ್ತೆ, ಆಮೇಲೆ ಅಳಿಸಿ ಏನು ಪ್ರಯೋಜನ.

ಇದಾದ ಮೇಲೆ ಬರೋ ಹೆಜ್ಜೇನೇ ಎಲ್ರೂ ಬಿಡೋದು. ಬಿಟ್‌ಕಾಯಿನ್ ಅಕೌಂಟ್ ತೆರೆದು ಮೊದಲ ರಿಸೀವ್ ವಿಳಾಸವನ್ನ ಒಂದು ಚೀಟಿಯಲ್ಲಿ ಬರೀರಿ. ಎಕ್ಸ್‌ಚೇಂಜ್‌ನಿಂದ ಅವರು ಬಿಡೋ ಕನಿಷ್ಠ ಮೊತ್ತ ಮಾತ್ರ ಕಳಿಸಿ. ಬಂದು ಸೇರಿದ ಮೇಲೆ ಡಿವೈಸ್ ಅನ್ನ ಬೇಕಂತಲೇ ಖಾಲಿ ಮಾಡಿ. ಲೆಡ್ಜರ್ ಆದ್ರೆ ಮೂರು ಸಲ ತಪ್ಪು ಪಿನ್ ಹಾಕಿದ್ರೆ ಸಾಕು, ಬೇರೆಯವಕ್ಕೆ ಸೆಟ್ಟಿಂಗ್‌ನಲ್ಲಿ ವೈಪ್ ಇದೆ. ಈಗ ಕೈಯಲ್ಲಿರೋ ಹಾಳೆಯನ್ನಷ್ಟೇ ನೋಡಿ ಪದ ಹಾಕಿ ರಿಸ್ಟೋರ್ ಮಾಡಿ. ಅದೇ ವಿಳಾಸ ಬಂತಾ, ಅದೇ ಚಿಲ್ಲರೆ ಕಂಡಿತಾ, ಹಾಗಾದ್ರೆ ನಿಮ್ಮ ಹಾಳೆ ಸರಿ. ಮಿಕ್ಕ ದುಡ್ಡು ಆಮೇಲೆ ಕಳಿಸಿ. ಕಾಯಿನ್ ಕಳ್ಕೊಂಡೋರಲ್ಲಿ ಹ್ಯಾಕ್ ಆದೋರಿಗಿಂತ, ಐದು ವರ್ಷದ ಮೇಲೆ ಹಾಳೆ ತೆಗೆದು 17ನೇ ಪದ ಓದಕ್ಕಾಗದೆ ಕೂತೋರ ಪಾಡು ಕಷ್ಟ.

ಕಳಿಸುವಾಗ ವಿಳಾಸವನ್ನ ಕಂಪ್ಯೂಟರ್‌ನಲ್ಲಿ ನೋಡಿ ಬಿಡಬೇಡಿ, ಡಿವೈಸ್ ಸ್ಕ್ರೀನ್‌ನಲ್ಲಿ ತೋರಿಸಿ ತಾಳೆ ಹಾಕಿ. ಕಾಪಿ ಮಾಡಿದ ವಿಳಾಸವನ್ನ ಪೇಸ್ಟ್ ಮಾಡೋ ಹೊತ್ತಿಗೆ ಬದಲಾಯಿಸೋ ವೈರಸ್ ಇವೆ. ಮೊದಲ ನಾಲ್ಕು ಕೊನೇ ನಾಲ್ಕು ಅಕ್ಷರ ನೋಡಿದ್ರೂ ಸಾಲದು. ಹಿಂದೆಮುಂದೆ ನಿಮ್ಮದರಂತೇ ಕಾಣೋ ವಿಳಾಸ ಹುಟ್ಟಿಸಿ, ಅಲ್ಲಿಂದ ಪುಡಿಗಾಸು ಕಳಿಸಿ ನಿಮ್ಮ ಹಿಸ್ಟರಿಯಲ್ಲಿ ಕೂರೋರಿದ್ದಾರೆ. ಹಿಸ್ಟರಿಯಿಂದ ವಿಳಾಸ ಕಾಪಿ ಮಾಡೋ ಅಭ್ಯಾಸ ಬಿಡಿ.

---

ಪೀಣ್ಯ_ಫಿಟ್ಟರ್

ಮೂರನೇ ಪ್ರಶ್ನೆಗೆ. ಪೇಪರ್ ನೀರಿಗೂ ಆಗಲ್ಲ, ಬೆಂಕಿಗೂ ಆಗಲ್ಲ, ಗೆದ್ದಲಿಗೂ ಆಗಲ್ಲ. ಲ್ಯಾಮಿನೇಷನ್ ಮಾಡಿಸಕ್ಕೆ ಅಂಗಡಿಗೆ ಕೊಟ್ರೆ ಗುಟ್ಟು ಅಲ್ಲೇ ಹೋಯ್ತು. ಸ್ಟೀಲ್ ಮೇಲೆ ಕೈಯಾರೆ ಪಂಚ್ ಹೊಡೀರಿ. ಆನ್‌ಲೈನ್‌ನಲ್ಲಿ ಸೀಡ್ ಪ್ಲೇಟ್ ಅಂತ ಸಾವಿರಗಟ್ಟಲೆ ಕೇಳ್ತಾರೆ, ಅದರ ಬದಲು ಬೆಂಗಳೂರಿನ ಎಸ್‌ಜೆಪಿ ರೋಡಿನ ಹಾರ್ಡ್‌ವೇರ್ ಅಂಗಡಿಗಳಿಗೆ ಒಂದು ರೌಂಡ್ ಹೋಗಿ.

ಬೇಕಾಗಿರೋದು: ಎಸ್‌ಎಸ್ 304 ಎಂ10 ವಾಷರ್, ಹೊರವ್ಯಾಸ 30 ಮಿ.ಮೀ. ಇರೋ ದೊಡ್ಡ ಸೈಜ್. 24 ಪದಕ್ಕೆ 24, ಎರಡು ತುದಿಗೆ ಖಾಲಿ ಮುಚ್ಚಳದ ಥರ 2, ಕೈ ಪಳಗಿಸಕ್ಕೆ ಒಂದು 6, ಒಟ್ಟು 32 ತಗೊಳ್ಳಿ. ಎಂ10 ಬೋಲ್ಟ್ 90 ಮಿ.ಮೀ., ನಟ್ 2. ಎಲ್ಲಾ ಎಸ್‌ಎಸ್‌ದೇ. ಬೋಲ್ಟ್ ಫುಲ್ ಥ್ರೆಡ್ ಕೇಳಿ. ಅರ್ಧ ಥ್ರೆಡ್ ಕೊಟ್ರೆ, ವಾಷರ್ ದಪ್ಪ 2.5 ಬದಲು 2 ಬಂದಿದ್ರೆ ನಟ್ ಥ್ರೆಡ್ ಮುಗಿದಲ್ಲೇ ನಿಲ್ಲುತ್ತೆ, ವಾಷರ್‌ಗಳು ಲೊಡಲೊಡ ಅಂತವೆ. ನೈಲಾಕ್ ನಟ್ ಬೇಡ, ಒಳಗಿನ ನೈಲಾನ್ ಬೆಂಕೀಲಿ ಕರಗುತ್ತೆ. ಸಾದಾ ನಟ್ ಎರಡನ್ನ ಒಂದರ ಮೇಲೊಂದು ಬಿಗಿ ಮಾಡಿ.

304 ಯಾಕಂದ್ರೆ ಅದು ಕರಗೋದು 1400 ಡಿಗ್ರಿ ಸೆಲ್ಸಿಯಸ್‌ನ ಮೇಲೆ, ಮನೆ ಬೆಂಕಿ ಅಲ್ಲೀವರೆಗೆ ಏರಲ್ಲ. ಅಲ್ಯೂಮಿನಿಯಂ 660ಕ್ಕೇ ನೀರಾಗುತ್ತೆ, ಆ ತಗಡಿನ ಪ್ಲೇಟ್ ತಗೋಬೇಡಿ. ಅಂಗಡಿಗೆ ಅಯಸ್ಕಾಂತ ಒಯ್ದು ನೋಡಿ, ಗಟ್ಟಿಯಾಗಿ ಕಚ್ಚಿದ್ರೆ ಅದು ಜಿಂಕ್ ಕೋಟಿಂಗ್ ಕಬ್ಬಿಣ. ಲಾಕರ್‌ನಲ್ಲಿ ಒಣಗಿರುತ್ತೆ ಸರಿ, ಮನೇಲಿ ನೀರು ನುಗ್ಗಿದ್ರೆ ತುಕ್ಕು ಅಕ್ಷರ ತಿನ್ನುತ್ತೆ.

ಪಂಚ್ ಸೆಟ್ 3 ಮಿ.ಮೀ. ಅಕ್ಷರದ ಸೆಟ್ಟಲ್ಲಿ 27 ಪೀಸ್, ನಂಬರ್ ಸೆಟ್ಟಲ್ಲಿ 9 ಪೀಸ್ ಇರ್ತವೆ. ಒಂಬತ್ತೇ ಯಾಕೆ ಅಂದ್ರೆ 6ನ್ನೇ ತಿರುಗಿಸಿ 9 ಹೊಡೀಬೇಕು. ಇಲ್ಲೇ ಎಡವಟ್ಟು ಆಗೋದು. ದುಂಡಗಿನ ವಾಷರ್‌ಗೆ ಮೇಲೆ ಕೆಳಗೆ ಅನ್ನೋದಿಲ್ಲ, ಬರೀ 6 ಹೊಡೆದ್ರೆ ಆಮೇಲೆ ಅದು 6ಓ 9ಓ ಅಂತ ತಲೆ ಕೆರ್ಕೋಬೇಕು. ಎಲ್ಲಾ ನಂಬರ್ ಎರಡು ಅಂಕಿಯಲ್ಲೇ ಹೊಡೀರಿ: 01, 02, 06, 09. 06 ಬುಡಮೇಲಾದ್ರೆ 90 ಆಗುತ್ತೆ, ಅಂಥ ನಂಬರೇ ನಿಮ್ಮ ಹತ್ರ ಇಲ್ಲ, ಗೊಂದಲ ಮುಗೀತು. ಬೋಲ್ಟ್‌ನಲ್ಲಿ ವರಸೆಯಾಗೇ ಇದ್ಯಲ್ಲ ಅಂತ ನಂಬರ್ ಬಿಡಬೇಡಿ, ನಟ್ ಬಿಚ್ಚಿ ಕೈಜಾರಿದ್ರೆ ಎಲ್ಲಾ ನೆಲದ ಮೇಲೆ.

ಪದಕ್ಕೆ ಮೊದಲ ನಾಲ್ಕೇ ಅಕ್ಷರ ಸಾಕು, ಮೇಲೆ ಹೇಳಿದ್ದಾರಲ್ಲ. ಮೂರೇ ಅಕ್ಷರದ ಪದ ಬಂದ್ರೆ ನಾಲ್ಕನೇ ಜಾಗ ಖಾಲಿ ಬಿಡಿ. ಒಟ್ಟು 24 ವಾಷರ್‌ಗೆ ಸುಮಾರು 144 ಏಟು.

ಹೊಡೆಯೋ ರೀತಿ: ವಾಷರನ್ನ ದಪ್ಪ ಕಬ್ಬಿಣದ ಪ್ಲೇಟ್ ಮೇಲೆ ಇಟ್ಟು ಮಾಸ್ಕಿಂಗ್ ಟೇಪ್‌ನಲ್ಲಿ ಅಂಟಿಸಿ. ಸಿಮೆಂಟ್ ನೆಲದ ಮೇಲೆ, ಮರದ ಟೇಬಲ್ ಮೇಲೆ ಇಟ್ರೆ ಏಟು ಅದೇ ನುಂಗುತ್ತೆ, ಅಕ್ಷರ ಕೂರಲ್ಲ. ಅರ್ಧ ಕೇಜಿಯಿಂದ ಒಂದು ಕೇಜಿ ಸುತ್ತಿಗೆ. ಪಂಚ್ ನೆಟ್ಟಗೆ ಹಿಡಿದು ಒಂದೇ ಏಟು, ಗಟ್ಟಿಯಾಗಿ. ಎರಡನೇ ಏಟಿಗೆ ಪಂಚ್ ಕದಲಿ ನೆರಳು ಅಕ್ಷರ ಬರುತ್ತೆ, ಸಾಲದ್ದಕ್ಕೆ 304 ಏಟು ತಿಂದಷ್ಟೂ ಗಟ್ಟಿಯಾಗ್ತಾ ಹೋಗುತ್ತೆ. ಇ ಮತ್ತು ಎಫ್, ಓ ಮತ್ತು ಕ್ಯೂ ಇವೆರಡು ಜೋಡಿ ಹೊಡೆದ ಮೇಲೆ ಬೆಳಕಿಗೆ ಹಿಡಿದು ನೋಡಿ. ಕಣ್ಣಿಗೆ ಕನ್ನಡಕ ಇರಲಿ, ಚಕ್ಕೆ ಹಾರುತ್ತೆ. ಅಪಾರ್ಟ್‌ಮೆಂಟ್‌ನವರು ರಾತ್ರಿ ಹೊತ್ತು ಮಾಡಬೇಡಿ ಮಾರಾಯ್ರೆ, ಪಕ್ಕದ ಮನೆಯವರು ಕದ ತಟ್ತಾರೆ.

ಲೇಸರ್‌ನಲ್ಲಿ ಚೆನ್ನಾಗಿ ಬರುತ್ತಲ್ಲ ಅಂತ ನಗರ್ತಪೇಟೆ ಕಡೆ ಕೆತ್ತನೆ ಅಂಗಡಿಗೆ ಕೊಡಬೇಡಿ. ಫೈಲ್ ಅವರ ಕಂಪ್ಯೂಟರ್‌ನಲ್ಲಿ ಉಳಿಯುತ್ತೆ.

---

ವಿಜಯನಗರ_ವಾಸಿ

ಇಬ್ರಿಗೂ ಧನ್ಯವಾದ. ಒಂದು ಅನುಮಾನ. ಪೂರ್ತಿ 24 ಪದ ಒಂದೇ ಕಡೆ ಇದ್ರೆ ಸಿಕ್ಕಿದವನಿಗೆ ಹಬ್ಬ. 12 ಪದ ಮನೇಲಿ, 12 ಪದ ಲಾಕರ್‌ನಲ್ಲಿ ಹೀಗೆ ಭಾಗ ಮಾಡಿದ್ರೆ? ಪಾಸ್‌ಫ್ರೇಸ್ ಅಂತ ಇನ್ನೊಂದು ಓದಿದೆ, ಅದೂ ಬೇಕಾ?

---

ಹ್ಯಾಶ್_ಹನುಮಂತನಗರ

ಭಾಗ ಮಾಡಬೇಡಿ. ಕಳ್ಳನ ಕಷ್ಟ ಹೆಚ್ಚಾಗೋದು ನಿಜ, 24ರಲ್ಲಿ 12 ಸಿಕ್ಕರೂ ಉಳಿದ 12ನ್ನ ಊಹಿಸೋದು ಯಾವ ಕಂಪ್ಯೂಟರ್‌ಗೂ ಆಗದ ಕೆಲಸ. ಆದರೆ ನಿಮ್ಮ ಕಷ್ಟವೂ ಇಮ್ಮಡಿ ಆಗುತ್ತೆ: ಎರಡರಲ್ಲಿ ಯಾವ ತುಂಡು ಹೋದರೂ ಎಲ್ಲ ಹೋದಂತೆ. ಇನ್ನು 12 ಪದದ ಸೀಡನ್ನ ಆರಾರಾಗಿ ಹಂಚಿದವರ ಕಥೆ ಇನ್ನೂ ಕೆಟ್ಟದು. ಅರ್ಧ ಸಿಕ್ಕವನಿಗೆ ಊಹಿಸೋಕೆ ಉಳಿಯೋದು 62 ಬಿಟ್ (2ನ್ನ 62 ಸಲ ಗುಣಿಸಿದಷ್ಟು ಸಾಧ್ಯತೆ) ಕೆಲಸ, ಅದು ಭದ್ರ ಅನ್ನೋ ಮಟ್ಟಕ್ಕೆ ತುಂಬಾ ಕೆಳಗೆ.

ಹಂಚಲೇಬೇಕು ಅಂದರೆ ಅದಕ್ಕಂತಲೇ ಇರೋ ಸ್ಲಿಪ್39 ಬಳಸಿ. ಟ್ರೆಜರ್‌ನ ಮಾಡೆಲ್ ಟಿ, ಸೇಫ್ 3 ಇವುಗಳಲ್ಲಿದೆ. ಮೂರು ಪಾಲು ಮಾಡಿ ಯಾವ ಎರಡು ಸೇರಿದರೂ ತೆರೆಯೋ ಹಾಗೆ ಇಡಬಹುದು, ಒಂದು ಪಾಲು ಸಿಕ್ಕವನಿಗೆ ಏನೂ ಗೊತ್ತಾಗಲ್ಲ. ಪ್ರತಿ ಪಾಲು 20 ಅಥವಾ 33 ಪದ, ಪಟ್ಟಿ ಬೇರೆ, 1024 ಪದದ್ದು. ಲೆಡ್ಜರ್‌ನಂಥ ಬಿಐಪಿ39 ಡಿವೈಸ್‌ಗೆ ಇದನ್ನ ಹಾಕೋಕಾಗಲ್ಲ ಅನ್ನೋದು ನೆನಪಿರಲಿ.

ನನ್ನ ಸಲಹೆ ಪಾಸ್‌ಫ್ರೇಸ್. 24 ಪದದ ಜೊತೆಗೆ ನೀವೇ ಆರಿಸಿದ ಒಂದು ಸಾಲು ಸೇರಿಸಿದರೆ ಬೇರೆಯೇ ವಾಲೆಟ್ ಹುಟ್ಟುತ್ತೆ. ಸ್ಟೀಲ್ ಯಾರಿಗೋ ಸಿಕ್ಕರೂ ಆ ಸಾಲಿಲ್ಲದೆ ಕಾಣೋದು ಖಾಲಿ ವಾಲೆಟ್. 2020ರ ಜನವರಿಯಲ್ಲಿ ಕ್ರಾಕೆನ್ ಎಕ್ಸ್‌ಚೇಂಜ್‌ನ ಸೆಕ್ಯುರಿಟಿ ತಂಡ ಆಗಿನ ಟ್ರೆಜರ್ ಮಾಡೆಲ್‌ಗಳನ್ನ ಕೈಗೆ ಸಿಕ್ಕ 15 ನಿಮಿಷದಲ್ಲಿ ಬಗೆದು ಸೀಡ್ ತೆಗೆದು ತೋರಿಸಿತ್ತು. ಅದಕ್ಕೂ ಆಗ ಹೇಳಿದ ಪರಿಹಾರ ಪಾಸ್‌ಫ್ರೇಸೇ, ಯಾಕಂದರೆ ಅದು ಡಿವೈಸ್‌ನಲ್ಲಿ ಉಳಿದಿರಲ್ಲ.

---

ಬನಶಂಕರಿ_ಕೋಲ್ಡ್‌ಕೀ

ಹಂಚೋ ವಿಚಾರದಲ್ಲಿ ಹ್ಯಾಶ್ ಹೇಳಿದ್ದು ಸರಿ, ಪಾಸ್‌ಫ್ರೇಸ್‌ಗೆ ನನ್ನ ತಕರಾರಿದೆ.

ಪಾಸ್‌ಫ್ರೇಸ್‌ನಲ್ಲಿ 'ತಪ್ಪು' ಅನ್ನೋದೇ ಇಲ್ಲ. ಏನು ಹಾಕಿದ್ರೂ ಒಂದು ವಾಲೆಟ್ ತೆರೆಯುತ್ತೆ. ದೊಡ್ಡಕ್ಷರ ಚಿಕ್ಕಕ್ಷರ ಆದ್ರೆ, ಕೊನೇಲಿ ಒಂದು ಸ್ಪೇಸ್ ಬಿದ್ರೆ ಸೊನ್ನೆ ಬ್ಯಾಲೆನ್ಸ್ ಕಾಣುತ್ತೆ, ಎರರ್ ಮೆಸೇಜ್ ಬರಲ್ಲ. 24 ಪದಕ್ಕಾದ್ರೆ ಕೊನೇ ಪದದಲ್ಲಿ ಚೆಕ್‌ಸಮ್ (ಪದಗಳು ತಾಳೆಯಾಗ್ತವಾ ಅಂತ ನೋಡೋ ಲೆಕ್ಕ) ಇದೆ. ಮನಸ್ಸಿಗೆ ಬಂದ ಹಾಗೆ 24 ಪದ ಜೋಡಿಸಿದ್ರೆ 256ರಲ್ಲಿ ಒಂದು ಸಲ ಮಾತ್ರ ಡಿವೈಸ್ ಒಪ್ಪುತ್ತೆ, ಹಾಗಾಗಿ ಒಂದು ಪದ ಆಚೀಚೆ ಆದ್ರೂ ಬಹುಪಾಲು ಅಲ್ಲೇ ಗೊತ್ತಾಗುತ್ತೆ. ಪಾಸ್‌ಫ್ರೇಸ್‌ಗೆ ಆ ಕಾವಲಿಲ್ಲ. ಮನೆಯವರು ಬಂದು ತೆಗೀಬೇಕು ಅಂತ ಈ ಸರ್ ಮೊದಲೇ ಹೇಳಿದ್ದಾರೆ. ತಲೇಲಿ ಮಾತ್ರ ಇಟ್ಕೊಂಡ ಪಾಸ್‌ಫ್ರೇಸ್ ಈ ಸರ್ ಜೊತೇಲೇ ಹೋಗುತ್ತೆ.

₹6 ಲಕ್ಷಕ್ಕೆ, ಮೊದಲನೇ ಸಲಕ್ಕೆ: ಸಾದಾ 24 ಪದ, ಸ್ಟೀಲ್ ಪ್ರತಿ ಎರಡು, ಬೇರೆ ಬೇರೆ ಎರಡು ಜಾಗ. ಒಂದು ಲಾಕರ್, ಇನ್ನೊಂದು ಊರಿನ ಮನೆಯೋ ನಂಬಿಕಸ್ಥ ಅಣ್ಣತಮ್ಮಂದಿರ ಮನೆಯೋ, ಸೀಲ್ ಮಾಡಿದ ಕವರ್‌ನಲ್ಲಿ. ಮೊತ್ತ ದೊಡ್ಡದಾದ ಮೇಲೆ ಪಾಸ್‌ಫ್ರೇಸ್ ಯೋಚಿಸಿ. ಆಗ ಅದನ್ನೂ ಸ್ಟೀಲ್‌ನಲ್ಲಿ ಹೊಡೆದು ಪದ ಇರೋ ಜಾಗ ಬಿಟ್ಟು ಬೇರೆ ಕಡೆ ಇಡಿ, ಸ್ಪ್ಯಾರೋದಂಥ ವಾಲೆಟ್ ಆ್ಯಪ್ ತೋರಿಸೋ ಎಂಟಕ್ಷರದ ಫಿಂಗರ್‌ಪ್ರಿಂಟ್ (ವಾಲೆಟ್‌ನ ಗುರುತು) ಅನ್ನ ಚೀಟಿಯಲ್ಲಿ ಬರೆದಿಡಿ. ಪಾಸ್‌ಫ್ರೇಸ್ ಸರಿಯಾಗಿ ಹಾಕಿದ್ರಾ ಅನ್ನೋದನ್ನ ಅದು ಹೇಳುತ್ತೆ, ಮತ್ತೆ ಆ ಎಂಟಕ್ಷರ ಯಾರಿಗೆ ಸಿಕ್ಕರೂ ಕಾಯಿನ್ ತೆಗೆಯೋಕಾಗಲ್ಲ.

---

ಹ್ಯಾಶ್_ಹನುಮಂತನಗರ

ಫಿಂಗರ್‌ಪ್ರಿಂಟ್ ಬರೆದಿಡೋದಾದರೆ ಒಪ್ಪಿದೆ. ಊರಿನ ಮನೆಯಲ್ಲಿ ಪಾಸ್‌ಫ್ರೇಸ್ ಇಲ್ಲದ ಸ್ಟೀಲ್ ಇಡೋದಕ್ಕೆ ಮಾತ್ರ ನನಗೆ ಮನಸ್ಸಿಲ್ಲ. ಹಬ್ಬಕ್ಕೆ ಬೀರು ಖಾಲಿ ಮಾಡಿ ಸುಣ್ಣ ಬಳಿಯುವಾಗ ಏನು ಯಾರ ಕೈಗೆ ಹೋಗುತ್ತೋ.

---

ಲೆಕ್ಕಪತ್ರ_ಬಸವನಗುಡಿ

ತೆರಿಗೆ, ಲಾಕರ್, ವಿಲ್ ಮೂರರ ಬಗ್ಗೆ.

ನಿಮ್ಮ ಅಕೌಂಟಿನಿಂದ ನಿಮ್ಮದೇ ವಾಲೆಟ್‌ಗೆ ಕಳಿಸುವುದು ಮಾರಾಟವಲ್ಲ, ಮಾಲೀಕರು ಬದಲಾಗುವುದಿಲ್ಲ. ಹಾಗಾಗಿ 30% ತೆರಿಗೆಯೂ ಇಲ್ಲ, 1% ಟಿಡಿಎಸ್ಸೂ ಇಲ್ಲ. 30% ಬಂದದ್ದು 2022ರ ಏಪ್ರಿಲ್ 1ರಿಂದ, ಮೇಲೆ 4% ಸೆಸ್. ಟಿಡಿಎಸ್ ಅದೇ ವರ್ಷದ ಜುಲೈ 1ರಿಂದ. ಕಳೆಯಲು ಬಿಡುವುದು ಕೊಂಡ ಬೆಲೆಯೊಂದನ್ನೇ. ವಾಲೆಟ್ ಡಿವೈಸಿನ ಬೆಲೆ, ಸ್ಟೀಲಿನ ಖರ್ಚು ಕಳೆಯುವಂತಿಲ್ಲ. ಒಂದು ಕಾಯಿನ್ನಿನ ನಷ್ಟವನ್ನು ಇನ್ನೊಂದರ ಲಾಭಕ್ಕೆ ವಜಾ ಮಾಡುವಂತೆಯೂ ಇಲ್ಲ. 'ಹೇಗೂ ವಾಲೆಟ್‌ಗೆ ಕಳಿಸ್ತೀನಿ, ಮೊದಲು ಯುಎಸ್‌ಡಿಟಿಯನ್ನು ಬಿಟ್‌ಕಾಯಿನ್ ಮಾಡಿಕೊಳ್ತೀನಿ' ಅಂದರೆ ಆ ವಿನಿಮಯ ಮಾರಾಟವೇ, ಲಾಭವಿದ್ದರೆ ತೆರಿಗೆಯೂ ಬೀಳುತ್ತದೆ.

ಕಳಿಸುವ ಮುಂಚೆ ಎಕ್ಸ್‌ಚೇಂಜಿನಿಂದ ಪೂರ್ತಿ ಖರೀದಿ ಹಿಸ್ಟರಿ ಡೌನ್‌ಲೋಡ್ ಮಾಡಿಕೊಳ್ಳಿ: ತಾರೀಖು, ಪ್ರಮಾಣ, ರೂಪಾಯಿ ದರ, ಫೀ. ಜೊತೆಗೆ ಪ್ರತಿ ವಿತ್‌ಡ್ರಾ ಟ್ರಾನ್ಸಾಕ್ಷನ್ ಐಡಿ. ಐದು ವರ್ಷದ ಮೇಲೆ ಆ ಕಂಪನಿ ಇಲ್ಲದಿದ್ದರೆ ಕೊಂಡ ಬೆಲೆ ತೋರಿಸಲು ನಿಮ್ಮ ಹತ್ತಿರ ಬೇರೇನೂ ಉಳಿಯುವುದಿಲ್ಲ. ಇದನ್ನು ಡ್ರೈವ್‌ನಲ್ಲಿ ಇಟ್ಟರೆ ಅಡ್ಡಿಯಿಲ್ಲ, ಇದು ಕೀಲಿಯಲ್ಲ. ಮುಂದೆ ಮಾರುವಾಗಲೂ ಎಕ್ಸ್‌ಚೇಂಜ್ ಮೂಲಕವೇ ಮಾರಿ. ಪಿಟುಪಿ (ವ್ಯಕ್ತಿಯಿಂದ ವ್ಯಕ್ತಿಗೆ ನೇರ ಮಾರಾಟ) ಅಂತ ಗುರುತಿಲ್ಲದವರಿಂದ ದುಡ್ಡು ತೆಗೆದುಕೊಂಡರೆ, ಆ ದುಡ್ಡು ಯಾವುದೋ ಸೈಬರ್ ದೂರಿನದ್ದಾಗಿದ್ದರೆ ಫ್ರೀಜ್ ಆಗುವುದು ನಿಮ್ಮ ಬ್ಯಾಂಕ್ ಖಾತೆ.

ಲಾಕರ್: 2022ರ ಜನವರಿಯಿಂದ ಜಾರಿಯಲ್ಲಿರುವ ಆರ್‌ಬಿಐ ನಿಯಮದಂತೆ ಬೆಂಕಿ, ಕಳ್ಳತನ, ಕಟ್ಟಡ ಕುಸಿತ, ಸಿಬ್ಬಂದಿ ವಂಚನೆ ಆದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟು. ನೆರೆ, ಭೂಕಂಪಕ್ಕೆ ಅದೂ ಇಲ್ಲ. ಬೇಸ್‌ಮೆಂಟಿನಲ್ಲಿ ಲಾಕರ್ ಇರುವ ಶಾಖೆಯಾದರೆ ಒಮ್ಮೆ ಯೋಚಿಸಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆ ನೆರೆ ಬಂದು ಏನಾಯಿತು ಎಂದು ಎಲ್ಲರೂ ನೋಡಿದ್ದೇವೆ. ಬಾಡಿಗೆ ಕಟ್ಟುತ್ತಿದ್ದರೂ ಏಳು ವರ್ಷ ತೆರೆಯದೆ ಬಿಟ್ಟು ಬ್ಯಾಂಕಿಗೂ ಸಿಗದೆ ಹೋದರೆ ಅವರು ಒಡೆದು ತೆಗೆಯಬಹುದು. ಮನೆಯವರ ಹೆಸರನ್ನು ಜಂಟಿಯಾಗಿ ಸೇರಿಸಿ, ಇಲ್ಲವೇ ನಾಮಿನಿ ಮಾಡಿ.

ವಿಲ್‌ನಲ್ಲಿ 'ನನ್ನ ಕ್ರಿಪ್ಟೋ ಆಸ್ತಿ ಇವರಿಗೆ' ಎಂದಷ್ಟೇ ಬರೆಯಿರಿ, ಇಬ್ಬರು ಸಾಕ್ಷಿಗಳ ಸಹಿ ಸಾಕು. ಪದಗಳನ್ನು ಅದರಲ್ಲಿ ಬರೆಯಬಾರದು. ನೋಂದಣಿ ಮಾಡಿಸಿದರೆ ನಕಲು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲೂ ಉಳಿಯುತ್ತದೆ.

---

ವಿಜಯನಗರ_ವಾಸಿ

ತುಂಬಾ ಉಪಕಾರ. ಕೊನೇದಾಗಿ ಎರಡು. ತಿಂಗಳಿಗೆ ₹5,000 ಎಸ್‌ಐಪಿ ಥರ ಬಿಟ್‌ಕಾಯಿನ್ ತಗೋತೀನಿ, ಪ್ರತಿ ತಿಂಗಳೂ ವಾಲೆಟ್‌ಗೆ ಕಳಿಸಬೇಕಾ? ಮನೆಯವರಿಗೆ ಕನ್ನಡದಲ್ಲಿ ಬರೆದಿಡೋ ಹಾಳೆಯಲ್ಲಿ ಏನೇನಿರಬೇಕು?

---

ಬನಶಂಕರಿ_ಕೋಲ್ಡ್‌ಕೀ

ಪ್ರತಿ ತಿಂಗಳು ಬೇಡ. ಎಕ್ಸ್‌ಚೇಂಜ್ ಪ್ರತಿ ವಿತ್‌ಡ್ರಾಗೂ ಫೀ ಹಿಡಿಯುತ್ತೆ, ಅದೊಂದೇ ಅಲ್ಲ. ಬಿಟ್‌ಕಾಯಿನ್‌ನಲ್ಲಿ ಬಂದ ಪ್ರತಿ ಮೊತ್ತ ಬೇರೆ ಬೇರೆ ತುಂಡಾಗೇ ಉಳಿಯುತ್ತೆ. ಮುಂದೆ ಖರ್ಚು ಮಾಡುವಾಗ ಒಂದೊಂದು ತುಂಡಿಗೂ ಸುಮಾರು 68 ವರ್ಚುವಲ್ ಬೈಟ್ ಜಾಗದ ಬಾಡಿಗೆ ಕಟ್ಟಬೇಕು, ಬಿಸಿ1ಕ್ಯೂ ಇಂದ ಶುರುವಾಗೋ ವಿಳಾಸಕ್ಕೆ ಈ ಲೆಕ್ಕ. ಫೀ ದರ ಬೈಟ್‌ಗೆ 50 ಸತೋಶಿ (ಬಿಟ್‌ಕಾಯಿನ್‌ನ ಚಿಲ್ಲರೆ) ಇರೋ ದಿನ ಒಂದು ತುಂಡಿಗೆ 3,400 ಸತೋಶಿ, 60 ತುಂಡಿಗೆ 2 ಲಕ್ಷ ಸತೋಶಿ ದಾಟುತ್ತೆ. ಆರು ತಿಂಗಳಿಗೊಂದು ಸಲ ಒಟ್ಟು ಸೇರಿಸಿ ಕಳಿಸಿ. ನಿಮ್ಮ ಆ್ಯಪ್ ಕಾಯಿನ್ ಹೊರಗೆ ಕಳಿಸಕ್ಕೆ ಬಿಡುತ್ತಾ ಅನ್ನೋದನ್ನ ಮೊದಲೇ ನೋಡಿ, ಕೆಲವು ಬಿಡೋದೇ ಇಲ್ಲ.

ಯುಎಸ್‌ಡಿಟಿ ಕಳಿಸೋದಾದ್ರೆ ನೆಟ್‌ವರ್ಕ್ ತಾಳೆ ಮುಖ್ಯ. ಎಥಿರಿಯಮ್‌ನಲ್ಲಿದ್ರೆ ಅದೇ ವಿಳಾಸದಲ್ಲಿ ಚೂರು ಈಥರ್, ಟ್ರಾನ್‌ನಲ್ಲಿದ್ರೆ ಅದರ ಕಾಯಿನ್ ಟಿಆರ್‌ಎಕ್ಸ್ ಇಡಿ. ಇಲ್ಲಾಂದ್ರೆ ಗ್ಯಾಸ್ (ಕಳಿಸೋ ಫೀ) ಇಲ್ಲದೆ ಅಲ್ಲೇ ಸಿಕ್ಕಿಕೊಳ್ಳುತ್ತೆ. ಯುಎಸ್‌ಡಿಟಿ ಹೊರಡಿಸೋ ಟೆದರ್ ಕಂಪನಿ ಯಾವ ವಿಳಾಸವನ್ನೂ ಫ್ರೀಜ್ ಮಾಡಬಲ್ಲದು, ಕೋಲ್ಡ್ ವಾಲೆಟ್ ಅದಕ್ಕೆ ಮದ್ದಲ್ಲ. ದೀರ್ಘಕಾಲಕ್ಕೆ ಇಡೋ ವಸ್ತು ಅಲ್ಲ ಅದು ಅನ್ನೋದು ನನ್ನ ಅಭಿಪ್ರಾಯ. ಈ ವಾಲೆಟ್ ವಿಳಾಸವನ್ನ ಯಾವ ಡೀಫೈ (ಬ್ಯಾಂಕ್ ಇಲ್ಲದೆ ಕ್ರಿಪ್ಟೋ ಸಾಲ, ವಿನಿಮಯ ನಡೆಸೋ) ಸೈಟ್‌ಗೂ ಕನೆಕ್ಟ್ ಮಾಡಬೇಡಿ, ಆಡೋದಿದ್ರೆ ಬೇರೆ ಸೀಡ್‌ನ ಬೇರೆ ವಾಲೆಟ್ ಇಟ್ಕೊಳ್ಳಿ.

ಮನೆಯವರ ಹಾಳೆ ಒಂದು ಪುಟ ದಾಟಬಾರದು. ಸ್ಟೀಲ್ ಎಲ್ಲಿದೆ, ಡಿವೈಸ್ ಎಲ್ಲಿದೆ, ಯಾವ ಕಂಪನಿಯ ಡಿವೈಸ್, ಯಾವ ಕಾಯಿನ್ ಇವೆ (ಎಷ್ಟು ಅನ್ನೋದು ಬೇಡ), ಪದಗಳು ಬಿಐಪಿ39 ಪದ್ಧತಿಯವು, ಪಾಸ್‌ಫ್ರೇಸ್ ಇದೆಯಾ ಇಲ್ವಾ. ಕಂಪನಿ ಮುಚ್ಚಿಹೋಗಿದ್ರೂ ಬಿಐಪಿ39 ತಗೊಳ್ಳೋ ಬೇರೆ ಯಾವ ಡಿವೈಸ್‌ಗಾದ್ರೂ ಇದೇ ಪದ ಹಾಕಬಹುದು ಅನ್ನೋ ಒಂದು ಸಾಲು. ಆಮೇಲೆ ದಪ್ಪಕ್ಷರದಲ್ಲಿ: 'ಪದಗಳನ್ನ ಡಿವೈಸ್‌ನ ಬಟನ್‌ನಲ್ಲಿ ಮಾತ್ರ ಹಾಕು. ಫೋನ್‌ನಲ್ಲಿ, ಕಂಪ್ಯೂಟರ್‌ನಲ್ಲಿ, ವೆಬ್‌ಸೈಟ್‌ನಲ್ಲಿ ಟೈಪ್ ಮಾಡಬೇಡ. ಕಸ್ಟಮರ್ ಕೇರ್, ಬ್ಯಾಂಕ್, ಪೊಲೀಸ್, ಯಾರೇ ಪದ ಕೇಳಿದ್ರೂ ಕಳ್ಳರು ಅಂತ ತಿಳ್ಕೋ.' ಕೆಳಗೆ 1930, ಅದು ಸೈಬರ್ ವಂಚನೆ ಸಹಾಯವಾಣಿ. ಈ ಹಾಳೆಯನ್ನ ಸ್ಟೀಲ್ ಜೊತೆ ಇಡಬೇಡಿ, ಮನೆಯ ದಾಖಲೆ ಫೈಲ್‌ನಲ್ಲಿ ಇಡಿ.

ಹಾಳೆ ಬರೆದ ಮೇಲೆ ಮನೆಯವರ ಕೈಗೇ ಡಿವೈಸ್ ಕೊಟ್ಟು, ಅದನ್ನೊಂದೇ ನೋಡಿ ಒಂದು ಸಲ ರಿಸ್ಟೋರ್ ಮಾಡಿಸಿ. ಅವರು ಎಲ್ಲಿ ನಿಂತು ನಿಮ್ಮ ಮುಖ ನೋಡ್ತಾರೋ ಆ ಸಾಲನ್ನ ತಿದ್ದಿ ಬರೀರಿ.